ಚಳಿ ಹೊಗದ ಮನೆ

ಡಚ್ಚರ ನಾಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದು ರೆತ್ನೊಗೆ ಅಷ್ಟು ಕಷ್ಟವಾಗಲಿಲ್ಲ. ಇರಲು ಒಂದು ಕೋಣೆ ಸಿಗುವುದು ಕಷ್ಟವಾಯಿತು. ಜಾವಾದ ತೆಗಾಲ್ ಊರಿನಲ್ಲಿ ನೀರಾವರಿ ಇಲಾಖೆಯ ಕೆಲಸಕ್ಕೆ ಎರಡು ವರ್ಷ ರಜೆ ಹಾಕಿ, ಸರ್ಕಾರದ ವಿದ್ಯಾರ್ಥಿವೇತನ ಗಿಟ್ಟಿಸಿ, ವಿಮಾನದ ಟಿಕೆಟ್ಟೂ ಕೈಗೆ ಬಂದ ಮೇಲೆ ಅವಳು ಎಪ್ಪತ್ತು ಮನೆಗಳಿಗೆ ಬರೆದಳು. ಕೆಲವರು ಇಲ್ಲ ಅಂದರು, ಮಿಕ್ಕವರು ಅದನ್ನೂ ಅನ್ನಲಿಲ್ಲ. ಕೊನೆಗೆ ಹೇಗ್ ನಗರದಿಂದ ಒಂದು ಉತ್ತರ ಬಂತು, ಈಗ ಯಾರೂ ಆಡದ ಹಳೇ ಕಾಲದ ಮಲಯ್ ಭಾಷೆಯಲ್ಲಿ: "ಕೋಣೆ ಚಿಕ್ಕದು. ನಗರಸಭೆಯಲ್ಲಿ ಈ ವಿಳಾಸ ಬರೆಸಬಹುದು. ನಿನಗೆ ಅನ್ನ ಮಾಡೋಕೆ ಬರುತ್ತಾ?"

ಬರೆದವಳು ಓಮಾ ಕೊರ್ರಿ. ಅಲ್ಲಿ ಅಜ್ಜಿಗೆ ಓಮಾ ಅನ್ನುತ್ತಾರೆ. ಬೀದಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಹುಟ್ಟಿದ್ದು ಜಾವಾದ ಮಲಾಂಗ್‌ನಲ್ಲಿ, ಅಪ್ಪ ಡಚ್ಚರವನು, ಅಮ್ಮ ಅಲ್ಲಿಯವಳು. ಹದಿನಾಲ್ಕನೇ ವಯಸ್ಸಿಗೆ ಹಡಗು ಹತ್ತಿ ಬಂದವಳು, ಎಂಬತ್ತೆರಡಾದರೂ ಚಳಿಗೆ ಒಗ್ಗಿರಲಿಲ್ಲ. ಮೂರನೇ ಮಹಡಿಯ ಆ ಮನೆಯಲ್ಲಿ ಅವಳೂ, ಗಂಡನನ್ನು ಬಿಟ್ಟು ಬಂದ ಮಗಳು ಯೊಲಾಂಡಳೂ ಇದ್ದರು. ಯೊಲಾಂಡ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಮಗಳು ಮಾರಿಟ್ ಉತ್ರೆಕ್ಟ್‌ನ ಕ್ಷೌರದಂಗಡಿಯಲ್ಲಿ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಭಾನುವಾರ ಮಧ್ಯಾಹ್ನದ ಊಟಕ್ಕೆ ಬರುವಳು, ಪಾತ್ರೆ ತೊಳೆಯುವ ಹೊತ್ತಿಗೆ ಜಗಳವಾಡಿ ಹೋಗುವಳು.

ಆಗಸ್ಟ್ ಕೊನೆಗೆ ರೆತ್ನೊ ಎರಡು ಸೂಟ್‌ಕೇಸು ಹೊತ್ತು ಮೆಟ್ಟಿಲು ಹತ್ತಿ ಬಂದ ದಿನ ಓಮಾ ಅವಳ ಕೈಗೊಂದು ಹೊಸ ಬಾಣಲೆ ಕೊಟ್ಟಳು.

"ಇದರಲ್ಲಿ ಹಂದಿ ಬಿದ್ದಿಲ್ಲ, ನನ್ನಾಣೆ. ಮಿಕ್ಕಿದ್ದರಲ್ಲೆಲ್ಲಾ ಬಿದ್ದಿದೆ, ಮುಟ್ಟಬೇಡ."

"ಥ್ಯಾಂಕ್ಸ್ ಓಮಾ."

"ಥ್ಯಾಂಕ್ಸ್ ಇರಲಿ. ತೆರಾಸಿ ತಂದ್ಯಾ?"

ತಂದಿದ್ದಳು. ಸಿಗಡಿಯನ್ನು ಹುಳಿಸಿ ಅರೆದ ಆ ಮುದ್ದೆಯನ್ನು ಐದು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಗಳ ನಡುವೆ ಹುದುಗಿಸಿ ತಂದಿದ್ದಳು. ಓಮಾ ಪೊಟ್ಟಣವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.

ಸೆಪ್ಟೆಂಬರ್ ಚೆನ್ನಾಗಿಯೇ ಹೋಯಿತು. ರೆತ್ನೊ ಬೆಳಿಗ್ಗೆ ಟ್ರಾಮು ಹಿಡಿದು ಡೆಲ್ಫ್ಟಿಗೆ ಹೋಗುವಳು. ಅಂತರ್ಜಲದ ಪಾಠ, ಲೆಕ್ಕ, ಗುಂಪಿನ ಕೆಲಸ. ಗುಂಪಿನಲ್ಲಿ ಘಾನಾದ ಎಫುವಾ ಜೊತೆಯಾದಳು. ಎಫುವಾ ಮೊದಲ ತಿಂಗಳು ಕೋಣೆ ಸಿಗದೆ ಒಂದೊಂದು ವಾರ ಒಂದೊಂದು ಹಾಸ್ಟೆಲಿನಲ್ಲಿ ಮಲಗಿದ್ದಳು. "ನಿನಗೆ ಅಜ್ಜಿ ಸಿಕ್ಕಿದಾಳೆ, ನನಗೆ ಬಂಕ್ ಮಂಚ," ಅನ್ನುವಳು. ರೆತ್ನೊ ಮೂರು ಗಂಟೆಗೆ ಮನೆಗೆ ಬಂದರೆ ಓಮಾ ಈರುಳ್ಳಿ ಹೆಚ್ಚಿಟ್ಟುಕೊಂಡು ಕೂತಿರುವಳು. ಇಬ್ಬರೂ ಅಡುಗೆಮನೆಯ ಎರಡು ಕಿಟಕಿಯನ್ನೂ ತೆರೆದಿಟ್ಟು ತೆರಾಸಿ ಹುರಿದು ಸಂಬಾಲ್ ಚಟ್ನಿ ಅರೆಯುವರು. ಮೂಗು ಹಿಡಿಯುವಂಥ ಘಾಟು ಬೀದಿಗೆ ಇಳಿಯುವುದು.

ಜಗಳ ಶುರುವಾದದ್ದು ಅಕ್ಟೋಬರಿನ ಮೊದಲ ಚಳಿಗೆ. ಯೊಲಾಂಡ ಕೆಲಸದಿಂದ ಬಂದವಳು ಕೋಟೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಎರಡು ಕಿಟಕಿನೂ ತೆಗೆದಿದೀರಾ? ಕಿಟಕಿ ಕೆಳಗೇ ಹೀಟರ್ ಉರೀತಿದೆ! ಬೀದಿ ಕಾಯಿಸ್ತಾ ಇದೀರಾ ನೀವು?"

"ತೆರಾಸಿ ಹುರಿಯೋವಾಗ ಮುಚ್ಚಿದ್ರೆ ಸತ್ತು ಹೋಗ್ತೀವಿ," ಅಂದಳು ಓಮಾ.

"ಹಾಗಾದ್ರೆ ಹುರೀಬೇಡಿ! ಈ ವರ್ಷ ಯುದ್ಧ ಶುರುವಾದ ಮೇಲೆ ಗ್ಯಾಸಿನ ಬಿಲ್ಲು ಮೂರು ಪಟ್ಟು ಆಗಿದೆ. ಬರೋದು ನನ್ನ ಹೆಸರಿಗೆ, ಯಾರ ಅಜ್ಜಿ ಹೆಸರಿಗೂ ಅಲ್ಲ. ರೆತ್ನೊ, ನಿನಗೂ ಹೇಳ್ತಿದೀನಿ. ಇನ್ಮೇಲೆ ಈ ಮನೇಲಿ ತೆರಾಸಿ ಇಲ್ಲ. ಕಿಟಕಿ ತೆಗೆಯೋ ಹಾಗಿಲ್ಲ."

"ಆಗ್ಲಿ ತಾಂತೆ," ಅಂದಳು ರೆತ್ನೊ. ಚಿಕ್ಕಮ್ಮನಂಥವರಿಗೆ ತಾಂತೆ ಅನ್ನುವುದು ಜಾವಾದಲ್ಲೂ ಇಲ್ಲೂ ಒಂದೇ.

"ಆಗ್ಲಿ ಅಂತೀಯಲ್ಲೇ! ನನ್ನ ಪರವಾಗಿ ಒಂದು ಮಾತಾಡಬಾರದಾ?" ಓಮಾ ಅವಳನ್ನು ತಿವಿದಳು.

ರೆತ್ನೊ ಆಡಲಿಲ್ಲ. ಈ ವಿಳಾಸದ ಮೇಲೆ ಅವಳ ನೋಂದಣಿ, ನೋಂದಣಿಯ ಮೇಲೆ ಬ್ಯಾಂಕು, ಬ್ಯಾಂಕಿನ ಮೇಲೆ ವಿದ್ಯಾರ್ಥಿವೇತನ ನಿಂತಿತ್ತು. ಮಾತಾಡಲು ಅವಳಿಗೆ ಕಾಲು ಊರಲು ಜಾಗವಿರಲಿಲ್ಲ.

ಆ ಶನಿವಾರ ಯೊಲಾಂಡ ಅಂಗಡಿಯಿಂದ ಸ್ಪಂಜಿನ ಪಟ್ಟಿ, ಅಗಲವಾದ ಬೂದು ಟೇಪು, ಬಾಗಿಲಡಿಗೆ ಹಾಕುವ ಬ್ರಷ್ಷು ಎಲ್ಲ ಹೊತ್ತು ತಂದಳು. ದಿನವಿಡೀ ಮನೆಯ ಸಂದಿಗೊಂದಿಯೆಲ್ಲ ಮುಚ್ಚಿದರು. ಯೊಲಾಂಡಳ ಮಂಡಿ ನೋವು, ಸ್ಟೂಲು ಹತ್ತಲಾರಳು. ಹತ್ತಿದವಳು ರೆತ್ನೊ.

"ಕಿಟಕಿ ಆಯ್ತು ತಾಂತೆ."

"ಇನ್ನು ಅದು." ಯೊಲಾಂಡ ಅಡುಗೆಮನೆಯ ಹೊರಗೋಡೆಯ ಜಾಲರಿ ತೋರಿಸಿದಳು. ಹಳೇ ಕಬ್ಬಿಣದ ಜಾಲರಿ, ಅಂಗೈಯಗಲದ್ದು. ಅದರ ಪಕ್ಕದಲ್ಲಿ ಗೋಡೆಗೆ ಗ್ಯಾಸ್ ಗೀಸರು. ಸಿಂಕಿಗೂ ಪಕ್ಕದ ಬಚ್ಚಲಿಗೂ ಬಿಸಿನೀರು ಬರುವುದು ಅದರಿಂದಲೇ.

ರೆತ್ನೊ ಜಾಲರಿಗೆ ಕೈಯಿಟ್ಟಳು. ಐಸಿನಂಥ ಗಾಳಿ ಅಂಗೈಗೆ ಬಡಿಯಿತು.

"ಇದನ್ನೂ ಮುಚ್ಚಬೇಕಾ ತಾಂತೆ?"

"ಚಳಿಯೆಲ್ಲ ಬರೋದೇ ಅದರಿಂದ. ಅದನ್ನ ಬಿಟ್ಟು ಮಿಕ್ಕಿದ್ದು ಮುಚ್ಚಿ ಏನುಪಯೋಗ? ಎರಡು ಪದರ ಹಾಕು."

ಓಮಾ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅವರೆಕಾಳಿನಂಥದ್ದೇನೋ ಬಿಡಿಸುತ್ತಿದ್ದವಳು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು. ರೆತ್ನೊ ಎರಡು ಪದರ ಹಾಕಿದಳು. ಅಂಚನ್ನು ಉಗುರಿನಿಂದ ತೀಡಿ ಕೂರಿಸಿದಳು. ಕೆಲಸ ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು.

"ಇಂಜಿನಿಯರ್ ಕೈ ನೋಡು," ಅಂದು ಯೊಲಾಂಡ ಮೊದಲ ಸಲ ಅವಳ ಬೆನ್ನು ತಟ್ಟಿದಳು.

ಮರುದಿನ ಭಾನುವಾರ ಮಾರಿಟ್ ಬಂದಾಗ ಮನೆ ಬೆಚ್ಚಗಿತ್ತು. ಗಾಜೆಲ್ಲ ಒಳಗಿನಿಂದ ಬೆವರಿ ನೀರು ಇಳಿಯುತ್ತಿತ್ತು.

"ಇದೇನಮ್ಮ, ಹಬೆಸ್ನಾನದ ಮನೆ ಥರ ಮಾಡಿದೀಯ!"

"ಬಿಸಿ ಒಳಗೇ ಇದೆ ಅಂತ ಅರ್ಥ. ನಿನ್ನ ಕೋಟು ಅಲ್ಲಿ ಹಾಕು, ನೀರು ತೊಟ್ಟಿಕ್ಕೋ ಕಡೆ ಬೇಡ."

"ಗೀಸರ್ ಸರ್ವಿಸ್ ಮಾಡ್ಸಿದ್ಯಾ ಈ ವರ್ಷ? ಯಾಕೋ ಮೇಲ್ಗಡೆ ಗೋಡೆ ಕಪ್ಪಗಾಗಿದೆ."

"ಆ ಮನುಷ್ಯ ಫೋನ್ ಮಾಡಿದ್ದ. ಬರೋ ವರ್ಷ ಬಾ ಅಂದೆ. ಬಂದು ಬ್ರಷ್ಷಲ್ಲಿ ಎರಡು ಸಲ ಉಜ್ಜಿ ಹೋಗೋಕೆ ಎಷ್ಟು ಕೇಳ್ತಾನೆ ಗೊತ್ತಾ?"

"ನಿನ್ನ ಕಂಜೂಸ್‌ತನ ಒಂದು ದಿನ..." ಮಾರಿಟ್ ಮುಗಿಸಲಿಲ್ಲ. ಓಮಾ ಸೂಪಿನ ಪಾತ್ರೆ ಮೇಜಿಗೆ ತಂದಿದ್ದಳು.

ಗೀಸರಿನ ಗೋಡೆಯನ್ನು ಸೋಮವಾರ ರೆತ್ನೊ ಸೋಪು ಹಾಕಿ ತಿಕ್ಕಿ ಬೆಳ್ಳಗೆ ಮಾಡಿದಳು. ಒಂದು ವಾರಕ್ಕೆ ಮತ್ತೆ ಕಪ್ಪಾಯಿತು.

ತಲೆನೋವು ಬಂದದ್ದು ಅದೇ ಹೊತ್ತಿಗೆ. ಬೆಳಿಗ್ಗೆ ಏಳುವಾಗ ಹಣೆಗೆ ಪಟ್ಟಿ ಕಟ್ಟಿ ಬಿಗಿದ ಹಾಗೆ. ಸ್ನಾನ ಮಾಡಿ ಬಂದರೆ ಇನ್ನೂ ಜಾಸ್ತಿ. ಟ್ರಾಮಿನಲ್ಲಿ ವಾಂತಿ ಬಂದ ಹಾಗಾಗಿ ಎರಡು ಸಲ ನಡುವೆಯೇ ಇಳಿದಳು. ಹೊಸ ದೇಶ, ಹೊಸ ಓದು, ಬಿಸಿಲಿಲ್ಲದ ದಿನಗಳು. ಎಲ್ಲರೂ ಅದನ್ನೇ ಹೇಳಿದರು. ಡಾಕ್ಟರೂ ಅದನ್ನೇ ಹೇಳಿದ.

"ಪರೀಕ್ಷೆ ಹತ್ತಿರ ಬಂತಾ?"

"ಎರಡು ವಾರ ಇದೆ."

"ಪ್ಯಾರಸಿಟಮಾಲ್ ತಗೊಳ್ಳಿ. ನೀರು ಚೆನ್ನಾಗಿ ಕುಡೀರಿ. ಸೈಕಲ್ ಹೊಡೀರಿ."

ಎಫುವಾ ಮಾತ್ರ ಬೇರೆ ಹೇಳಿದಳು. "ನೀನು ಬೆಳಗಿನ ಪಾಠದಲ್ಲಿ ಮಾತ್ರ ತೂಕಡಿಸ್ತೀಯ. ಮಧ್ಯಾಹ್ನಕ್ಕೆ ಸರಿ ಹೋಗ್ತೀಯ. ಆ ಮನೇಲಿ ನಿದ್ದೆ ಮಾಡೋಕೆ ಬಿಡಲ್ವಾ ನಿನ್ನನ್ನ?"

"ನಿದ್ದೆ ತುಂಬಾ ಬರುತ್ತೆ. ಅದೇ ಕಷ್ಟ."

ಪರೀಕ್ಷೆಯಲ್ಲಿ ಹತ್ತಕ್ಕೆ ನಾಲ್ಕೂವರೆ ಬಂತು. ಆರು ಬಂದರೆ ಪಾಸು. ತೆಗಾಲ್‌ನಲ್ಲಿ ಅವಳು ಯಾವ ಪರೀಕ್ಷೆಯಲ್ಲೂ ಎರಡನೇ ಸ್ಥಾನಕ್ಕಿಳಿದವಳಲ್ಲ. ಸಲಹೆಗಾರ್ತಿ ಎದುರು ಕೂರಿಸಿಕೊಂಡು ಮೃದುವಾಗಿ ಕೇಳಿದಳು, "ಜನವರಿಯಲ್ಲಿ ಇನ್ನೊಂದು ಅವಕಾಶ ಇದೆ. ಆದರೆ ಮನೆ ಕಡೆ ಎಲ್ಲ ಸರಿ ಇದೆಯಾ?" ರೆತ್ನೊ ಸರಿ ಇದೆ ಅಂದಳು. ಇಲ್ಲ ಅಂದರೆ ಎಲ್ಲಿಗೆ ಹೋಗುವುದು?

ಮನೆ ಸರಿ ಇರಲಿಲ್ಲ. ನವೆಂಬರಿನಲ್ಲಿ ಓಮಾ ಊಟದ ಮೇಜಿಗೆ ನಾಲ್ಕನೇ ತಟ್ಟೆ ಇಟ್ಟಳು.

"ಇವತ್ತು ಮಾರಿಟ್ ಬರಲ್ಲಮ್ಮಾ, ಬುಧವಾರ," ಅಂದಳು ಯೊಲಾಂಡ.

"ಮಾರಿಟ್‌ಗಲ್ಲ. ಟಿಲ್ಲಿಗೆ."

ಯೊಲಾಂಡಳ ಚಮಚ ನಿಂತಿತು. ಟಿಲ್ಲಿ ಓಮಾಳ ಅಕ್ಕ. ಎರಡನೇ ಮಹಾಯುದ್ಧದ ಕಾಲದಲ್ಲಿ, ಏಳು ವರ್ಷದವಳಿದ್ದಾಗ, ಜಾವಾದ ಸೆರೆಶಿಬಿರದಲ್ಲಿ ಸತ್ತಿದ್ದಳು.

"ಯಾರು ಬಂದ್ರು ಅಂದೆ?"

"ಟಿಲ್ಲಿ. ಮಧ್ಯಾಹ್ನ ಪಾತ್ರೆ ತೊಳೀತಾ ಇದ್ದೆ, ಹಿಂದೆ ಬಂದು ನಿಂತ್ಕೊಂಡ್ಲು. ಮರದ ಚಪ್ಪಲಿ ಸದ್ದು. ಹಸಿವು ಅಂದ್ಲು."

"ಅಮ್ಮಾ."

"ನನ್ನ ಮೇಲೆ ಯಾಕೆ ಕಣ್ಣು ಬಿಡ್ತೀಯ? ರೆತ್ನೊ, ನಿನಗೂ ಕೇಳಿಸ್ತಲ್ಲ?"

ರೆತ್ನೊ ತಟ್ಟೆ ನೋಡುತ್ತ ಕೂತಳು. ಅವಳಿಗೂ ಕೇಳಿಸಿತ್ತು. ಕಿವಿಯೊಳಗೆ ಟಕ್ ಟಕ್ ಎಂದು ಏನೋ ಬಡಿಯುವುದು, ಪಕ್ಕದಲ್ಲಿ ಯಾರೋ ಹಾದು ಹೋದ ಹಾಗೆ. ಹಿಂದಿನ ವಾರ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅಮ್ಮ, "ಆ ಮನೇಲಿ ಏನೋ ಇದೆ ಮಗಳೆ. ಸಂಜೆ ಹೊತ್ತು ಕುರಾನ್ ಓದು," ಅಂದಿದ್ದಳು.

"ಸ್ವಲ್ಪ... ಏನೋ ಕೇಳಿಸ್ತು," ಅಂದಳು ರೆತ್ನೊ.

ಯೊಲಾಂಡ ಮೇಜು ಗುದ್ದಿ ಎದ್ದಳು. "ಅದನ್ನೇ ಅಂದ್ಕೊಂಡೆ! ಇಬ್ಬರೂ ಮಧ್ಯಾಹ್ನವೆಲ್ಲ ಕೂತು ದೆವ್ವದ ಕಥೆ ಹೇಳ್ಕೋತೀರ. ಎಂಬತ್ತೆರಡು ವರ್ಷದ ತಲೆಗೆ ಇದನ್ನ ತುಂಬ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

"ನಾನು ಏನೂ ಹೇಳಿಲ್ಲ ತಾಂತೆ..."

"ಸಾಕು! ತಲೆ ಸಿಡೀತಿದೆ ನಂಗೆ."

ರೆತ್ನೊಳ ತಲೆಯೂ ಸಿಡಿಯುತ್ತಿತ್ತು. ಆದರೆ ಈ ಮನೆಯಲ್ಲಿ ಯೊಲಾಂಡಳ ತಲೆನೋವಿಗೆ ಅಮ್ಮ ಕಾರಣ, ಓಮಾಳ ತಲೆನೋವಿಗೆ ವಯಸ್ಸು, ರೆತ್ನೊಳ ತಲೆನೋವಿಗೆ ಪರೀಕ್ಷೆ. ಮೂರನ್ನೂ ಒಂದು ಕಡೆ ಇಟ್ಟು ನೋಡಿದವರಿಲ್ಲ.

ಯೊಲಾಂಡ ಮರೆಯಲೂ ಶುರುಮಾಡಿದಳು. ಬೀಗದ ಕೈಯನ್ನು ಫ್ರಿಜ್ಜಿನಲ್ಲಿಟ್ಟಳು, ಶಾಲೆಯಲ್ಲಿ ಒಂದೇ ಕಾಗದವನ್ನು ಎರಡು ಸಲ ಕಳಿಸಿ ಬೈಸಿಕೊಂಡಳು. ಮನೆಗೆ ಬಂದು ಆ ಸಿಟ್ಟನ್ನು ಸ್ನಾನದ ಮೇಲೆ ತೀರಿಸಿದಳು. ಎಲ್ಲರಿಗೂ ಐದು ನಿಮಿಷ, ಬಚ್ಚಲ ಬಾಗಿಲಿಗೆ ಮೊಟ್ಟೆ ಬೇಯಿಸುವ ಗಡಿಯಾರ ನೇತುಹಾಕಿದಳು. ತನಗೆ ಮಾತ್ರ ಶನಿವಾರ ಮಧ್ಯಾಹ್ನ ಬಿಡುವು. ಅವತ್ತು ಅರ್ಧ ಗಂಟೆ ಬಿಸಿನೀರಿನ ಕೆಳಗೆ ನಿಲ್ಲುವಳು. ವಾರವೆಲ್ಲ ದುಡಿದದ್ದಕ್ಕೆ ಅವಳು ತಾನೇ ಕೊಟ್ಟುಕೊಳ್ಳುತ್ತಿದ್ದ ಒಂದೇ ಸುಖ ಅದು.

ನವೆಂಬರ್ ಕೊನೆಯ ಭಾನುವಾರ ಓಮಾ ಸಿಂಕಿನ ಮುಂದೆ ಕುಸಿದಳು. ಬಿಸಿನೀರು ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದವಳು ಕೈಯಲ್ಲಿ ತಟ್ಟೆ ಹಿಡಿದೇ ಬಿದ್ದಳು. ಕೆನ್ನೆ ಕೆಂಪಗೆ, ಎಳೇ ಹುಡುಗಿಯ ಕೆನ್ನೆಯ ಹಾಗೆ ಇತ್ತು. ಮಾರಿಟ್ ಅವಳನ್ನು ಎತ್ತಿ ಮುಂದಿನ ಕೋಣೆಗೆ ತಂದು ಸೋಫಾದ ಮೇಲೆ ಮಲಗಿಸಿದಳು. ಹತ್ತು ನಿಮಿಷದಲ್ಲಿ ಕಣ್ಣು ಬಿಟ್ಟಳು.

"ಇನ್ನು ಆಗಲ್ಲ," ಅಂದಳು ಯೊಲಾಂಡ. "ವೃದ್ಧಾಶ್ರಮದಲ್ಲಿ ಮಾತಾಡಿದೀನಿ. ಹದಿನೈದು ದಿನ ಇಟ್ಕೊಂಡು ನೋಡ್ತಾರೆ. ಮರೆವಿನ ಕಾಯಿಲೆ ಅಂತಾದ್ರೆ ಅಲ್ಲೇ."

"ಮೊದಲೇ ಮಾತಾಡಿದೀಯಾ?" ಮಾರಿಟ್ ಕಿರುಚಿದಳು. "ನಮ್ಮನ್ನ ಒಂದು ಮಾತು ಕೇಳ್ದೆ?"

"ನೀನು ವಾರಕ್ಕೊಂದು ದಿನ ಬಂದು ಸೂಪು ಕುಡಿದು ಹೋಗ್ತೀಯ. ಸತ್ತವರಿಗೆ ತಟ್ಟೆ ಇಡೋದನ್ನ ದಿನಾ ನೋಡೋಳು ನಾನು."

"ಕಳಿಸಿಬಿಟ್ಟು ಆರಾಮಾಗಿರು ಹಾಗಾದ್ರೆ!"

"ಆರಾಮಾಗಿ? ಆ ಶಬ್ದ ಈ ಮನೇಲಿ ಯಾರಿಗಾದ್ರೂ ಗೊತ್ತಾ?"

ಸೋಫಾದಿಂದ ಓಮಾ ಸಣ್ಣ ದನಿಯಲ್ಲಿ ಅಂದಳು, "ನಾನು ಇನ್ನೂ ಇಲ್ಲೇ ಇದೀನಿ ಕಣ್ರೇ. ಸ್ವಲ್ಪ ಮೆತ್ತಗೆ ಮಾತಾಡಿ."

ಗುರುವಾರ ಅವಳು ಹೋದಳು. ಹೊರಡುವಾಗ ರೆತ್ನೊಗೆ, "ಅಕ್ಕಿ ಡಬ್ಬದ ಮುಚ್ಚಳ ಭದ್ರ ಮಾಡು, ಹುಳ ಬರುತ್ತೆ," ಅಂದಳು. ಮನೆಯಲ್ಲಿ ಇಬ್ಬರೇ ಉಳಿದರು. ಯೊಲಾಂಡ ಬ್ರೆಡ್ಡಿಗೆ ಚೀಸು ಹಚ್ಚಿ ನಿಂತೇ ತಿನ್ನುವಳು. ರೆತ್ನೊ ಕೋಣೆಯಲ್ಲಿ ಅನ್ನ ತಿನ್ನುವಳು. ಯಾರೂ ಬಿಸಿನೀರಲ್ಲಿ ಪಾತ್ರೆ ತೊಳೆಯದೆ ಗಂಟೆಗಟ್ಟಲೆ ಗೀಸರು ಸುಮ್ಮನಿರುತ್ತಿತ್ತು.

ಒಂಬತ್ತು ದಿನ ಕಳೆದು, ಶನಿವಾರ ಮಧ್ಯಾಹ್ನ, ರೆತ್ನೊ ಟೆಂಪೆ, ಅಂದರೆ ಹುಳಿಸಿದ ಸೋಯಾ ಬಿಲ್ಲೆ, ಹುರಿದು ಒಂದು ಡಬ್ಬಕ್ಕೆ ತುಂಬಿಕೊಂಡು ಓಮಾಳನ್ನು ನೋಡಲು ಹೋದಳು. ಹತ್ತು ನಿಮಿಷದ ದಾರಿ. ಹೊರಡುವಾಗ ಯೊಲಾಂಡ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ಹೊರಟಿದ್ದಳು.

"ಮನೆಯೊಳಗೆ ಹಾಕೋ ಚಪ್ಪಲಿ ಬೇಕಾ ಅಂತ ಕೇಳು ಅಮ್ಮನ್ನ," ಅಂದಳು. ಆಮೇಲೆ, "ಕಂಬಳಿ ಸಾಕಾ ಅಂತಲೂ."

ಓಮಾ ಊಟದ ಹಾಲಿನಲ್ಲಿ ಮೂವರು ಮುದುಕರ ಜೊತೆ ಇಸ್ಪೀಟು ಆಡುತ್ತ ಕೂತಿದ್ದಳು. ಗೆದ್ದ ಬಿಸ್ಕತ್ತುಗಳು ಅವಳ ಮುಂದೆ ಗುಡ್ಡೆಯಾಗಿದ್ದವು.

"ಬಾರೇ! ಇವರ ಸೂಪು ನೋಡ್ಬೇಕು ನೀನು, ಪಾತ್ರೆ ತೊಳೆದ ನೀರಿಗೆ ಉಪ್ಪು ಹಾಕಿದ ಹಾಗೆ. ಡಬ್ಬದಲ್ಲೇನು, ಟೆಂಪೆನಾ? ಕೊಡು, ಇವರಿಗೆ ತೋರಿಸ್ಬೇಡ."

ರೆತ್ನೊ ಪಕ್ಕದಲ್ಲಿ ಕೂತಳು. ತಗ್ಗಿದ ದನಿಯಲ್ಲಿ ಕೇಳಿದಳು, "ಓಮಾ, ಟಿಲ್ಲಿ ಇಲ್ಲಿಗೂ ಬರ್ತಾಳಾ?"

ಓಮಾ ಇಸ್ಪೀಟೆಲೆಯಿಂದ ಕಣ್ಣೆತ್ತಿದಳು.

"ಟಿಲ್ಲಿ ಸತ್ತು ಎಪ್ಪತ್ತೇಳು ವರ್ಷ ಆಯ್ತು. ಏನು ಮಾತು ಅಂತ ಆಡ್ತೀಯ?"

"ನೀವೇ ತಟ್ಟೆ ಇಡ್ತಿದ್ರಿ."

"ಇಡ್ತಿದ್ದೆ." ಅವಳು ಎಲೆ ಕೆಳಗಿಟ್ಟಳು. "ಗೊತ್ತು. ಕನಸಿನ ಹಾಗೆ ನೆನಪಿದೆ. ಇಲ್ಲಿ ಬಂದು ಮೂರನೇ ದಿನಕ್ಕೆ ಬಿಟ್ಟುಹೋಯ್ತು. ತಲೆನೋವೂ ಹೋಯ್ತು. ಡಾಕ್ಟರಮ್ಮ ನೂರು ಪ್ರಶ್ನೆ ಕೇಳಿದ್ಲು, ರಾಣಿಯರ ಹೆಸರೆಲ್ಲ ಹೇಳ್ದೆ. ನಿಮಗೇನೂ ಆಗಿಲ್ಲ, ಮನೆಗೆ ಹೋಗಿ ಅಂದ್ಲು." ಅವಳು ರೆತ್ನೊಳ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ನಿನ್ನ ಮುಖ ಯಾಕೆ ಹೀಗಿದೆ? ನಿನಗೂ ನೋವಾ?"

"ಬೆಳಿಗ್ಗೆ. ಸ್ನಾನ ಆದ ಮೇಲೆ ಜಾಸ್ತಿ."

"ನನಗೆ ಪಾತ್ರೆ ತೊಳೆಯೋವಾಗ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರೆತ್ನೊಳ ಬೆರಳ ತುದಿಗೆ ಬೂದು ಟೇಪಿನ ಅಂಟು ತಾಕಿದ ಹಾಗಾಯಿತು. ಬಿಸಿನೀರು. ಕಪ್ಪು ಗೋಡೆ. ಗಾಳಿ ಇಲ್ಲದೆ ಉರಿಯುವ ಬೆಂಕಿ. ಇಂಜಿನಿಯರಿಂಗಿನ ಮೊದಲ ವರ್ಷದಲ್ಲಿ ಓದಿದ್ದು: ವಾಸನೆಯಿಲ್ಲದ, ಬಣ್ಣವಿಲ್ಲದ ವಿಷ.

"ಓಮಾ. ತಾಂತೆ ಸ್ನಾನಕ್ಕೆ ಹೋದ್ರು."

"ಯಾವಾಗ?"

"ನಾನು ಹೊರಟಾಗ."

ಯೊಲಾಂಡಳ ಫೋನು ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

"ಕೆಳಮನೆ ಬೌಮಾಗೆ ಮಾಡು," ಅಂದಳು ಓಮಾ. "ಬರ್ಕೋ." ಅವಳು ಹತ್ತು ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದಳು, ಒಂದೂ ತಪ್ಪದೆ.

ಬೌಮಾ ನಿವೃತ್ತ ಟ್ರಾಮು ಚಾಲಕ. ಎತ್ತಿದ ಕೂಡಲೆ, "ಹೇಳಬೇಕು ಅಂತಿದ್ದೆ," ಅಂದ, "ಆಗಿನಿಂದ ನಿಮ್ಮನೇಲಿ ನೀರು ಹರೀತಾನೇ ಇದೆಯಲ್ಲ?"

"ಬೌಮಾ ಸಾರ್, ಅಗ್ನಿಶಾಮಕದವರನ್ನ ಕರೀರಿ! ಈಗಲೇ! ಗೀಸರಿನ ವಿಷ ಗಾಳಿ ತುಂಬಿದೆ. ಒಳಗೆ ಹೋಗ್ಬೇಡಿ, ನಿಮ್ಮ ಹತ್ರ ಇರೋ ಬೀಗದ ಕೈಯಲ್ಲಿ ಬಾಗಿಲು ತೆಗೆದು ಬಿಟ್ಟು ಕೆಳಗೆ ಬನ್ನಿ!"

ಅವಳು ಓಡಿದಳು. ಬೀದಿಯ ತಿರುವಿಗೆ ಬಂದಾಗ ಕೆಂಪು ವಾಹನ ನಿಂತಿತ್ತು, ಬೀದಿಯವರು ಫುಟ್‌ಪಾತಿನಲ್ಲಿ ಸೇರಿದ್ದರು. ಮುಖವಾಡ ಹಾಕಿದ ಇಬ್ಬರು ಮೆಟ್ಟಿಲಿನಿಂದ ಯೊಲಾಂಡಳನ್ನು ಇಳಿಸುತ್ತಿದ್ದರು. ಒದ್ದೆ ಕೂದಲು ಸ್ಟ್ರೆಚರಿನಿಂದ ಇಳಿಬಿದ್ದಿತ್ತು. ಕೆನ್ನೆ ಕೆಂಪಗಿತ್ತು. ನೆಲಕ್ಕೆ ಕುಸಿದ ಮೇಲೂ ನೀರು ಹರಿಯುತ್ತಲೇ ಇತ್ತಂತೆ, ಗೀಸರು ಉರಿಯುತ್ತಲೇ ಇತ್ತಂತೆ.

ಸ್ವಲ್ಪ ಹೊತ್ತಿಗೆ ಒಬ್ಬ ಅಧಿಕಾರಿ ಕೆಳಗಿಳಿದು ಬಂದ. ಅವನ ಕೈಯಲ್ಲಿ ಬೂದು ಟೇಪಿನ ಪಟ್ಟಿಯೊಂದು ಜೋತಾಡುತ್ತಿತ್ತು.

"ಮೂರನೇ ಮಹಡಿಯವರಾ ನೀವು?"

"ಹೌದು."

"ಜಾಲರಿಗೆ ಇದನ್ನ ಅಂಟಿಸಿದ್ದು ಯಾರು?"

ರೆತ್ನೊ ಟೇಪಿನಿಂದ ಕಣ್ಣು ಕಿತ್ತಳು.

"ನಾನು ಬಾಡಿಗೆಗಿದೀನಿ," ಅಂದಳು.

ಅವನು ತಲೆಯಾಡಿಸಿ ಅದನ್ನೇ ಬರೆದುಕೊಂಡ.

ಯೊಲಾಂಡ ಸಾಯಲಿಲ್ಲ. ಎರಡು ದಿನ ಎಚ್ಚರವಿರಲಿಲ್ಲ. ಗಾಳಿಯ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಮಲಗಿಸಿ ಆಮ್ಲಜನಕ ಕೊಟ್ಟರು. ಮೂರನೇ ದಿನ ಕಣ್ಣು ಬಿಟ್ಟು ಮಾರಿಟ್‌ಳನ್ನು ತನ್ನ ಶಾಲೆಯ ಸಹೋದ್ಯೋಗಿಯ ಹೆಸರಿನಿಂದ ಕರೆದಳು. ಹದಿನೆಂಟು ದಿನಕ್ಕೆ ಮನೆಗೆ ಕಳಿಸಿದರು. ಅಷ್ಟರಲ್ಲಿ ಗೀಸರನ್ನು ಕಿತ್ತುಹಾಕಿ ಹೊಸ ಬಾಯ್ಲರ್ ಕೂರಿಸಿದ್ದರು. ಓಮಾ ತನ್ನ ಚೀಲ ತಾನೇ ಹೊತ್ತು ವಾಪಸು ಬಂದಿದ್ದಳು. ಮಾರಿಟ್ ಅಂಗಡಿಗೆ ರಜೆ ಹಾಕಿ ಬಂದು ಸೋಫಾದ ಮೇಲೆ ಮಲಗುತ್ತಿದ್ದಳು.

ಹಳೇ ಯೊಲಾಂಡ ಬರಲಿಲ್ಲ. ಬಂದವಳು ನಿಧಾನಕ್ಕೆ ಮಾತಾಡುವಳು, ಗುಂಡಿ ಹಾಕಲು ಒದ್ದಾಡುವಳು, ಸಾರಿಗೆ ಉಪ್ಪು ಹಾಕಿದೆನಾ ಎಂದು ಕೇಳಿ ಮತ್ತೆ ಹಾಕುವಳು. ಆ ಶರತ್ಕಾಲ ಅವಳ ತಲೆಯಿಂದ ಅಳಿಸಿಹೋಗಿತ್ತು. ಅಮ್ಮನನ್ನು ಕಳಿಸಿದ್ದೂ ನೆನಪಿರಲಿಲ್ಲ. ಯಾರೂ ಹೇಳಲೂ ಇಲ್ಲ. ಮುಂದಕ್ಕೆ ಎಷ್ಟು ವಾಪಸು ಬರುತ್ತದೆ ಎಂದು ಕೇಳಿದರೆ ಡಾಕ್ಟರುಗಳು ಹೇಳಲಾಗದು ಎಂದು ಕೈಯಾಡಿಸುವರು.

ರೆತ್ನೊ ದಿನಾ ರಾತ್ರಿಯೂಟ ಮಾಡಿದಳು, ಬಟ್ಟೆ ಒಗೆದಳು, ಯೊಲಾಂಡಳ ಕೂದಲು ಬಾಚಿದಳು. ಯಾರಾದರೂ ಥ್ಯಾಂಕ್ಸ್ ಅಂದರೆ ಎದ್ದು ಹೋಗುವಳು. ವಿಶ್ವವಿದ್ಯಾಲಯದವರು ಹಾಸ್ಟೆಲಿನಲ್ಲಿ ಒಂದು ಕೋಣೆ ಖಾಲಿಯಾಗಿದೆ ಎಂದು ಬರೆದಿದ್ದರು. ಅವಳು ಉತ್ತರಿಸಲಿಲ್ಲ.

ಜನವರಿ ಕೊನೆಯ ವಾರ, ಊಟದ ಹೊತ್ತಿಗೆ ಮಾರಿಟ್ ವಿಮಾ ಕಂಪನಿಯ ಕಾಗದ ಒಡೆದಳು. ಓದುತ್ತ ಓದುತ್ತ ಮುಖ ಬಿಗಿದುಕೊಂಡಿತು.

"ಗಾಳಿ ಬರೋ ಜಾಲರಿನ ಯಾರು, ಯಾವಾಗ, ಯಾಕೆ ಮುಚ್ಚಿದ್ರು ಅಂತ ಬರೀಬೇಕಂತೆ. ಏನಂತ ಬರೀಲಿ? ನಮ್ಮಮ್ಮ ಗ್ಯಾಸಿನ ಬಿಲ್ಲು ಉಳಿಸೋಕೆ ಮೂರು ಜನರನ್ನ ಕೊಲ್ಲೋಕೆ ಹೊರಟಿದ್ಲು ಅಂತಲಾ?"

"ಮಾರಿಟ್," ಅಂದಳು ಓಮಾ.

"ಇಲ್ಲ ಓಮಾ, ಒಂದೂವರೆ ತಿಂಗಳಿಂದ ಬಾಯಿ ಮುಚ್ಕೊಂಡಿದೀನಿ. ಸರ್ವಿಸ್ ಮಾಡ್ಸು ಅಂದೆ, ಕೇಳ್ಲಿಲ್ಲ. ನಿಮ್ಮನ್ನ ಹುಚ್ಚಿ ಅಂದ್ಲು, ರೆತ್ನೊನ..."

ಯೊಲಾಂಡ ಚಮಚ ಕೆಳಗಿಟ್ಟಳು. "ನಾನು ಮುಚ್ಚಿದೆನಾ?" ಅಂದಳು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. "ನನಗೆ ಸ್ಟೂಲ್ ಹತ್ತೋಕಾಗಲ್ಲ. ನಾನು ಹೇಗೆ ಮುಚ್ಚಿದೆ?"

ಅವಳ ಕಣ್ಣಿಂದ ನೀರು ಇಳಿದು ತಟ್ಟೆಗೆ ಬಿತ್ತು. ಆ ಮನೆಯಲ್ಲಿ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

"ನಾನು ಅಂಟಿಸಿದ್ದು," ಅಂದಳು ರೆತ್ನೊ.

ಮಾರಿಟ್ ತಿರುಗಿದಳು. "ಏನಂದೆ?"

"ಸ್ಟೂಲ್ ಹತ್ತಿ ನಾನೇ ಅಂಟಿಸ್ದೆ. ಎರಡು ಪದರ. ಗಾಳಿ ಕೈಗೆ ಬಡೀತಿತ್ತು, ಆದ್ರೂ ಅಂಟಿಸ್ದೆ. ಅವತ್ತು ಆ ಅಧಿಕಾರಿ ಕೇಳಿದಾಗ ಹೇಳ್ಲಿಲ್ಲ. ಭಯ ಆಯ್ತು."

"ಇಷ್ಟು ದಿನ ನಮ್ಮ ಜೊತೆ ಕೂತು ಊಟ ಮಾಡಿ..." ಮಾರಿಟ್ ಕಾಗದವನ್ನು ಮೇಜಿಗೆ ಬಡಿದಳು. "ಯಾರು ಹೇಳಿದ್ರು ನಿನಗೆ ಅಂಟಿಸು ಅಂತ?"

ರೆತ್ನೊ ಯೊಲಾಂಡಳ ಕಡೆ ನೋಡಿದಳು. ಯೊಲಾಂಡ ಅವಳನ್ನೇ ನೋಡುತ್ತಿದ್ದಳು, ಕಾಯುತ್ತಿದ್ದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನಾನು ಹೇಳ್ದೆ," ಅಂದಳು ಓಮಾ.

ಅವಳು ಸೂಪಿಗೆ ಬ್ರೆಡ್ಡು ಅದ್ದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀವಾ?"

"ಚಳಿ ಆಗ್ತಿತ್ತು. ಬೆನ್ನಿಗೇ ಬಡೀತಿತ್ತು ಗಾಳಿ. ಮುಚ್ಚೇ ಅಂದೆ, ಮುಚ್ಚಿದ್ಲು. ಯೊಲಾಂಡ ಮನೇಲಿರ್ಲಿಲ್ಲ. ಹಾಗಂತ ಬರಿ ಅವರಿಗೆ."

"ಓಮಾ, ಆಗ ನೀವು ಸತ್ತವರ ಜೊತೆ ಮಾತಾಡ್ತಿದ್ರಿ. ನಿಮಗೆ ಹೇಗೆ ನೆನಪಿದೆ?"

"ನನ್ನ ನೆನಪಿಗೇನಾಗಿದೆ? ಸರ್ಟಿಫಿಕೇಟ್ ಕೊಟ್ಟಿದಾರೆ. ತೋರಿಸ್ಲಾ?" ಓಮಾ ಬ್ರೆಡ್ಡು ಬಾಯಿಗಿಟ್ಟುಕೊಂಡು ಅಗಿದಳು. ಆಮೇಲೆ ಮಗಳ ಕಡೆ ತಿರುಗಿ ಕರವಸ್ತ್ರ ಚಾಚಿದಳು. "ಮೂಗು ಒರೆಸ್ಕೋ. ಸೂಪು ಆರ್ತಿದೆ."

ಮಾರಿಟ್ ಅಜ್ಜಿಯನ್ನು ನೋಡಿದಳು, ರೆತ್ನೊಳನ್ನು ನೋಡಿದಳು. ರೆತ್ನೊ ಏನೋ ಹೇಳಲು ಬಾಯಿ ತೆರೆದಳು. ಮೇಜಿನ ಕೆಳಗೆ ಓಮಾಳ ಕಾಲು ಅವಳ ಪಾದವನ್ನು ಜೋರಾಗಿ ಮೆಟ್ಟಿತು. ಮಾರಿಟ್ ಕಾಗದ ಮಡಿಚಿ ಜೇಬಿಗಿಟ್ಟು ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚಿದಳು.

ಯೊಲಾಂಡ ಮೂಗು ಒರೆ‌ಸಿಕೊಂಡು ಸೂಪು ಕುಡಿದಳು. ಅರ್ಧ ಆದ ಮೇಲೆ ರೆತ್ನೊಳ ಕಡೆ ತಿರುಗಿದಳು.

"ನಾಳೆ ನಿನಗೆ ಪರೀಕ್ಷೆ ಅಲ್ವಾ? ಎಷ್ಟು ಗಂಟೆಗೆ?"

ಆ ಸಂಜೆ ಅವಳು ಅದನ್ನು ಕೇಳಿದ್ದು ಅದು ನಾಲ್ಕನೇ ಸಲ.

"ಒಂಬತ್ತಕ್ಕೆ ತಾಂತೆ," ಅಂದಳು ರೆತ್ನೊ, ಮೊದಲ ಸಲ ಹೇಳುವ ಹಾಗೆ.

"ಮಲಗಿಬಿಡ್ತೀಯ ನೀನು. ನಾನೇ ಎಬ್ಬಿಸ್ತೀನಿ, ಆರೂವರೆಗೆ."

"ಎಬ್ಬಿಸಿ ತಾಂತೆ."

"ಮರೀಬೇಡ ಅಂತ ನನಗೆ ಹೇಳು ಮಲಗೋ ಮುಂಚೆ."

"ಹೇಳ್ತೀನಿ," ಅಂದಳು ರೆತ್ನೊ.